ಮಾತು ಸ್ಪಷ್ಟ, ಫ್ಯಾಕ್ಸ್ ಅರ್ಧಂಬರ್ಧ: ನನ್ನ ಅನುಭವ

"ಸರ್, ಮತ್ತೆ ಹೋಗ್ಲಿಲ್ಲ."

ಕಚೇರಿಗೆ ಹೊಸ ಫೋನ್ ವ್ಯವಸ್ಥೆ ಬಂದ ಮೇಲೆ ಎರಡು ತಿಂಗಳು ನಾನು ಅತಿ ಹೆಚ್ಚು ಕೇಳಿದ ಮಾತು ಇದೇ. ಹಳೆಯ ಪಿಬಿಎಕ್ಸ್, ಅಂದರೆ ಕಚೇರಿಯೊಳಗಿನ ಫೋನ್ ಎಕ್ಸ್‌ಚೇಂಜ್, ತೆಗೆದು ಇಂಟರ್ನೆಟ್ ಪದ್ಧತಿಯಲ್ಲಿ ನಡೆಯುವ ಐಪಿ ಪಿಬಿಎಕ್ಸ್ ಕೂರಿಸಿದ್ದೆವು. ತಾಮ್ರದ ಲೈನುಗಳು ಹೋಗಿ ಇಂಟರ್ನೆಟ್ ಮೇಲಿನ ಸಿಪ್ ಟ್ರಂಕ್ ಬಂದಿತ್ತು (ಸಿಪ್ ಎಂದರೆ ಕರೆ ಜೋಡಿಸುವ, ಮುಗಿಸುವ ಸಂದೇಶಗಳ ಪದ್ಧತಿ). ಉಳಿದಿದ್ದ ಎರಡು ಫ್ಯಾಕ್ಸ್ ಯಂತ್ರಗಳನ್ನು ಎಟಿಎ ಡಬ್ಬಿಗೆ, ಅಂದರೆ ಅನಲಾಗ್ ಫೋನನ್ನು ಐಪಿ ಜಾಲಕ್ಕೆ ಜೋಡಿಸುವ ಅಡಾಪ್ಟರಿಗೆ, ಸಿಕ್ಕಿಸಿ ಒಂದು ಪುಟ ಕಳಿಸಿ ನೋಡಿದೆ. ಹೋಯಿತು. "ಆಯ್ತು" ಅಂದು ಎದ್ದು ಬಂದೆ. ಒಂದು ಪುಟ ಹೋದರೆ ಫ್ಯಾಕ್ಸ್ ಸರಿಯಿದೆ ಎಂದು ನಂಬಿದ್ದು ನನ್ನ ಮೊದಲ ತಪ್ಪು.

ಎರಡನೆಯ ತಪ್ಪು ಇನ್ನೂ ದುಬಾರಿ. ಫೋನಿನಲ್ಲಿ ಮಾತು ಗಾಜಿನಂತೆ ಸ್ಪಷ್ಟವಾಗಿ ಕೇಳುತ್ತಿತ್ತು. ಹಾಗಾದರೆ ಲೈನ್ ಚೆನ್ನಾಗಿದೆ, ಕೆಟ್ಟಿರುವುದು ಯಂತ್ರವೇ ಎಂದುಕೊಂಡೆ. ಯಂತ್ರ ಬದಲಾಯಿಸಿದೆ, ವೈರ್ ಬದಲಾಯಿಸಿದೆ, ಗೋಡೆಯ ಸಾಕೆಟ್ ಬಿಚ್ಚಿ ಕಟ್ಟಿದೆ. ಟ್ರಂಕ್ ಕೊಟ್ಟವರ ಸಹಾಯವಾಣಿಗೆ ಫೋನ್ ಮಾಡಿದರೆ ಅವರೂ ಇದನ್ನೇ ಹೇಳಿದರು: "ವಾಯ್ಸ್ ಸರಿಯಾಗಿ ಬರ್ತಿದೆಯಲ್ಲ ಸರ್, ನಮ್ಮ ಕಡೆ ಏನೂ ತೊಂದರೆ ಇಲ್ಲ." ಒಂದು ವಾರ ಹೀಗೇ ಕಳೆಯಿತು.

ಮಾತು ಚೆನ್ನಾಗಿ ಕೇಳುವುದಕ್ಕೂ ಫ್ಯಾಕ್ಸ್ ಹೋಗುವುದಕ್ಕೂ ಸಂಬಂಧವಿಲ್ಲ ಎಂಬುದು ಆಮೇಲೆ ತಲೆಗೆ ಹೋಯಿತು. ಐಪಿ ಫೋನಿನ ದನಿ ಸಾಮಾನ್ಯವಾಗಿ 20 ಮಿಲಿಸೆಕೆಂಡಿನ ತುಂಡುಗಳಾಗಿ, ಸೆಕೆಂಡಿಗೆ 50 ಪ್ಯಾಕೆಟ್‌ಗಳಂತೆ ಓಡುತ್ತದೆ. ದಾರಿಯಲ್ಲಿ ಒಂದು ಕಳೆದುಹೋದರೆ ಆಚೆ ಕಡೆಯ ಸಾಧನ ಹಿಂದಿನ ದನಿಯನ್ನೇ ಕೊಂಚ ಎಳೆದು ಆ ಜಾಗ ತುಂಬುತ್ತದೆ. ಕಿವಿಗೆ ಗೊತ್ತೇ ಆಗುವುದಿಲ್ಲ. ಆದರೆ ಸೆಕೆಂಡಿಗೆ 14400 ಬಿಟ್ ವೇಗದಲ್ಲಿ ಮಾತಾಡುತ್ತಿರುವ ಫ್ಯಾಕ್ಸ್ ಮೋಡೆಮ್ಮಿಗೆ (ಪುಟವನ್ನು ಸದ್ದಾಗಿ ಬದಲಿಸಿ ಕಳಿಸುವ ಭಾಗ) ಆ 20 ಮಿಲಿಸೆಕೆಂಡು ಎಂದರೆ 288 ಬಿಟ್. ಅಲ್ಲಿ ತೇಪೆ ಹಚ್ಚಿದ ದನಿ ಬಂದರೆ ಅದಕ್ಕೆ ಬರೀ ಕಸ. ಮೌನ ಬಂದಾಗ ಪ್ಯಾಕೆಟ್ ಕಳಿಸದಿರುವುದು, ಪ್ರತಿಧ್ವನಿ ಅಳಿಸುವುದು, ಜಾಲ ಏರುಪೇರಾದಂತೆ ಜಿಟರ್ ಬಫರ್ (ಬೇಗ-ತಡವಾಗಿ ಬರುವ ಪ್ಯಾಕೆಟ್‌ಗಳನ್ನು ಕೊಂಚ ಹಿಡಿದಿಟ್ಟು ಸಮನಾಗಿ ಬಿಡುವ ಜಾಗ) ಹಿಗ್ಗಿ ಕುಗ್ಗುವುದು, ಇವೆಲ್ಲ ಕಿವಿಗೆ ಹಿತವಾಗಲೆಂದು ಮಾಡಿದ ಉಪಾಯಗಳು. ಕಿವಿಯನ್ನು ಹೀಗೆ ಏಮಾರಿಸಬಹುದು, ಮೋಡೆಮ್ಮನ್ನು ಆಗುವುದಿಲ್ಲ.

ಆಗ ಒಂದು ನೋಟ್‌ಬುಕ್ ತಂದು ಯಂತ್ರದ ಪಕ್ಕ ಇಟ್ಟೆ. ಫ್ಯಾಕ್ಸ್ ಕೆಟ್ಟಾಗಲೆಲ್ಲ ಸಮಯ, ನಂಬರ್, ಎಷ್ಟು ಪುಟ ಇತ್ತು, ಎಷ್ಟನೇ ಪುಟದಲ್ಲಿ ನಿಂತಿತು, ವರದಿಯಲ್ಲಿ ಬಂದ ಎರರ್ ಕೋಡ್, ಇಷ್ಟು ಬರೆಯಬೇಕು. ಅಕೌಂಟ್ಸ್ ಮೇಡಂ ಮೊದಲು ಗೊಣಗಿದರು, ಆಮೇಲೆ ಅಚ್ಚುಕಟ್ಟಾಗಿ ಬರೆದರು. ಜೊತೆಗೆ ಯಂತ್ರದ ಸ್ಪೀಕರನ್ನು ಕರೆ ಮುಗಿಯುವ ತನಕ ಆನ್ ಇರುವಂತೆ ಹೊಂದಿಸಿದೆ. ಪಕ್ಕದಲ್ಲಿ ಕೂತವರಿಗೆ ಹಿಂಸೆ, ನನಗೆ ಪಾಠ. ಕಳಿಸುವ ಯಂತ್ರ 1100 ಹರ್ಟ್ಜ್‌ನಲ್ಲಿ ಅರ್ಧ ಸೆಕೆಂಡು ಕೂಗಿ, ಮೂರು ಸೆಕೆಂಡು ಸುಮ್ಮನಿದ್ದು ಮತ್ತೆ ಕೂಗುತ್ತದೆ. ಆಚೆಯದು 2100 ಹರ್ಟ್ಜ್‌ನಲ್ಲಿ ಸುಮಾರು ಮೂರು ಸೆಕೆಂಡು ಉತ್ತರಿಸುತ್ತದೆ. ಆಮೇಲೆ ಗುರುಗುಟ್ಟುವಂಥ ದನಿ: 300 ವೇಗದಲ್ಲಿ ಎರಡೂ ಯಂತ್ರಗಳು ತಮಗೇನು ಬರುತ್ತದೆಂದು ಹೇಳಿಕೊಳ್ಳುತ್ತಿವೆ. ಅನಂತರ ಪುಟದ ವೇಗ ಪರೀಕ್ಷಿಸುವ ಬುಸ್ ಸದ್ದು, ಒಂದೂವರೆ ಸೆಕೆಂಡು. ಆಚೆಯದು ಸರಿ ಎಂದರೆ ಪುಟ ಹೊರಡುತ್ತದೆ. ಗುರ್, ಬುಸ್, ಗುರ್, ಬುಸ್ ಎಂದು ನಾಲ್ಕೈದು ಸಲ ತಿರುಗಿದರೆ ಎರಡೂ ಯಂತ್ರಗಳು ವೇಗ ಇಳಿಸುತ್ತ ಚೌಕಾಸಿ ಮಾಡುತ್ತಿವೆ ಎಂದೇ ಅರ್ಥ. ವಾರದೊಳಗೆ ಪಕ್ಕದ ಕೋಣೆಯಿಂದಲೇ "ಇದು ಹೋಗಲ್ಲ" ಎನ್ನುವಷ್ಟು ಕಿವಿ ಪಳಗಿತು.

ಹತ್ತು ದಿನದ ನೋಟ್‌ಬುಕ್ ನೋಡಿದಾಗ ನಾನು ಹುಡುಕುತ್ತಿದ್ದುದು ಒಂದು ದೋಷವಲ್ಲ ಎಂದು ತಿಳಿಯಿತು. ಕೆಲವು ನಂಬರ್‌ಗಳಿಗೆ ಮೊದಲ ಪುಟವೇ ಹೊರಡುತ್ತಿರಲಿಲ್ಲ. ಇನ್ನು ಕೆಲವಕ್ಕೆ ಏಳೆಂಟು ಪುಟ ಸಲೀಸಾಗಿ ಹೋಗಿ ನಡುವೆ ಕತ್ತರಿಸಿಹೋಗುತ್ತಿತ್ತು. ಮೂರನೆಯ ಗುಂಪು ಸಂಜೆಯದು, ಆ ಹೊತ್ತಿಗೆ ಯಾವ ನಂಬರೂ ಲೆಕ್ಕಕ್ಕಿಲ್ಲ. ಎಷ್ಟು ಸಲ ಕೆಡುತ್ತದೆ ಎಂದು ಎಣಿಸುತ್ತಿದ್ದವನು ಎಲ್ಲಿ ಕೆಡುತ್ತದೆ ಎಂದು ನೋಡಲು ಶುರುಮಾಡಿದ್ದು ಆಗಲೇ.

ಸುಲಭದ್ದು ಮೊದಲು. ಎಟಿಎಯ ಒಂದು ಪೋರ್ಟಿನಲ್ಲಿ ಜಿ.729 ಕೋಡೆಕ್, ಅಂದರೆ ದನಿಯನ್ನು ಅಂಕಿಗಳಾಗಿಸುವ ಒಂದು ವಿಧಾನ, ಮೊದಲ ಆಯ್ಕೆಯಾಗಿತ್ತು. ಅದು ಮಾತನ್ನು 64 ಕಿಲೋಬಿಟ್ಟಿನಿಂದ 8ಕ್ಕೆ ಹಿಂಡುತ್ತದೆ. ಮನುಷ್ಯನ ಗಂಟಲನ್ನು ಲೆಕ್ಕದಲ್ಲಿಟ್ಟು ಮಾಡಿದ ಕೋಡೆಕ್ ಅದು, ಮೋಡೆಮ್ಮಿನ ದನಿ ಅದರೊಳಗೆ ಹೊಕ್ಕರೆ ಗುರುತು ಸಿಗದಂತೆ ಹೊರಬರುತ್ತದೆ. ಎರಡೂ ಪೋರ್ಟಿಗೆ ದನಿಯನ್ನು ಹೀಗೆ ಹಿಂಡದ ಜಿ.711 ಮಾತ್ರ ಇಟ್ಟೆ. ಮೌನ ತಡೆ ಬಂದ್, ಕಾಲ್ ವೇಟಿಂಗ್ ಬಂದ್ (ಪುಟ ಹೋಗುವಾಗ ನಡುವೆ 'ಬೀಪ್' ಬಂದರೆ ಮುಗಿಯಿತು), ಜಿಟರ್ ಬಫರ್ ತಾನಾಗಿ ಬದಲಾಗದಂತೆ ಸ್ಥಿರ. ಯಂತ್ರದಲ್ಲಿ ಸೂಪರ್ ಜಿ3 ಎಂಬ ಅತಿವೇಗದ ಕ್ರಮವನ್ನು ಸಹ ಬಂದ್ ಮಾಡಿದೆ. 33600 ವೇಗದ ಆಸೆ ಐಪಿ ಜಾಲದ ಮೇಲೆ ಇಟ್ಟುಕೊಳ್ಳಬಾರದು. ಮೊದಲು 14400ಕ್ಕೆ, ಆಮೇಲೆ 9600ಕ್ಕೆ ಇಳಿಸಿದೆ. 40 ಸೆಕೆಂಡಿನ ಪುಟ ಒಂದು ನಿಮಿಷವಾಯಿತು, ಅದರ ಬಗ್ಗೆ ಯಾರೊಬ್ಬರೂ ದೂರಲಿಲ್ಲ. ದೂರುಗಳು ಅರ್ಧಕ್ಕರ್ಧ ಕಮ್ಮಿಯಾದವು.

ಮೊದಲ ಪುಟವೇ ಹೊರಡದ ನಂಬರ್‌ಗಳು ಹಾಗೆಯೇ ಉಳಿದಿದ್ದವು. ಅದಕ್ಕೆ ಜಾಲದಲ್ಲಿ ಓಡುವುದನ್ನು ತೋರಿಸುವ ವೈರ್‌ಶಾರ್ಕ್ ತಂತ್ರಾಂಶ ಹಾಕಿ ಪ್ಯಾಕೆಟ್ ಹಿಡಿದೆ. ಇಲ್ಲಿ ಟಿ.38ರ ವಿಷಯ ಹೇಳಬೇಕು. ಫ್ಯಾಕ್ಸಿನ ಸದ್ದನ್ನು ಸದ್ದಾಗಿಯೇ ಸಾಗಿಸುವ ಬದಲು, ಎಟಿಎ ತಾನೇ ಮೋಡೆಮ್ಮಿನಂತೆ ಕೇಳಿ ಅದರೊಳಗಿನ ದತ್ತಾಂಶವನ್ನು ಮಾತ್ರ ಪ್ಯಾಕೆಟ್ ಮಾಡಿ ಕಳಿಸುವ ಪದ್ಧತಿ ಇದು. ಪ್ರತಿ ಪ್ಯಾಕೆಟ್ಟಿನಲ್ಲೂ ಹಿಂದಿನ ಒಂದೆರಡರ ಪ್ರತಿ ಸೇರಿಸಬಹುದು, ಹಾಗಾಗಿ ಒಂದು ಕಳೆದರೂ ಮುಂದಿನದರಲ್ಲಿ ಸಿಗುತ್ತದೆ. ಕರೆ ಮಾಮೂಲಿ ಮಾತಿನಂತೆ ಶುರುವಾಗುತ್ತದೆ. ಫ್ಯಾಕ್ಸ್ ಎಂದು ಗೊತ್ತಾದ ಮೇಲೆ, ಬಹುತೇಕ ಕರೆ ಸ್ವೀಕರಿಸಿದ ಕಡೆಯಿಂದಲೇ, "ಇನ್ನು ಟಿ.38ಕ್ಕೆ ಬದಲಾಗೋಣ" ಎಂಬ ಮರು-ಇನ್ವೈಟ್ ಬರುತ್ತದೆ.

ನಮ್ಮಲ್ಲಿ ಕರೆ ಸಾಯುತ್ತಿದ್ದುದು ಸರಿಯಾಗಿ ಈ ತಿರುವಿನಲ್ಲಿ. ಇನ್ವೈಟ್ ಬಂತು, ನಾವು ಒಪ್ಪಿದೆವು, ನಮ್ಮ ಪ್ಯಾಕೆಟ್‌ಗಳು ಹೊರಟವು, ಆಚೆಯಿಂದ ಒಂದೂ ಬರಲಿಲ್ಲ. ಅರ್ಧ ನಿಮಿಷ ಕಾದು ಯಂತ್ರ ಕೈಚೆಲ್ಲಿತು. ಎರಡು ದಿನ ಎಟಿಎಯನ್ನೇ ಬೈದೆ. ಕಳ್ಳ ಇದ್ದದ್ದು ರೂಟರಿನಲ್ಲಿ: ಸಿಪ್ ಎಎಲ್‌ಜಿ ಎಂಬ, ಸಹಾಯ ಮಾಡಲೆಂದೇ ಇಟ್ಟ ಸೌಲಭ್ಯ. ಸಿಪ್ ಸಂದೇಶದೊಳಗೆ ಕೈಹಾಕಿ ವಿಳಾಸ, ಪೋರ್ಟ್ ತಿದ್ದುವುದು ಅದರ ಕೆಲಸ. ಮಾತಿನ ಕರೆಗೆ ಸರಿಯಾಗಿ ತಿದ್ದುತ್ತಿತ್ತು, ನಡುವೆ ಬಂದ ಟಿ.38 ಬದಲಾವಣೆಗೆ ತಪ್ಪು ಪೋರ್ಟ್ ಬರೆದು ಕಳಿಸುತ್ತಿತ್ತು. ಬಂದ್ ಮಾಡಿದೆ. ಅದೇ ಮಧ್ಯಾಹ್ನ ಆ ನಂಬರ್‌ಗಳಲ್ಲಿ ಹೆಚ್ಚಿನವಕ್ಕೆ ಫ್ಯಾಕ್ಸ್ ಹೋಯಿತು. ಉಳಿದವುಗಳಲ್ಲಿ ತಿರುವು ಬೇರೆ: ನಮ್ಮ ಎಟಿಎಯೇ ಟಿ.38 ಕೇಳಿದರೆ ಆಚೆಯ ಮಾರ್ಗ 488 (ಸಿಪ್ ಭಾಷೆಯಲ್ಲಿ 'ಇದು ಇಲ್ಲಿ ಆಗದು') ಎಂದು ನಿರಾಕರಿಸುತ್ತಿತ್ತು. ನಿರಾಕರಿಸಿದರೆ ಜಿ.711ರಲ್ಲೇ ಮುಂದುವರಿಯಬೇಕು, ನಮ್ಮದು ಮುನಿಸಿಕೊಂಡು ಕರೆಯನ್ನೇ ಕತ್ತರಿಸುತ್ತಿತ್ತು. ಅದಕ್ಕೊಂದು ಸೆಟ್ಟಿಂಗ್ ಇತ್ತು, ಬದಲಾಯಿಸಿದೆ.

ಈ ನಡುವೆ ನಾನು ಮಾಡಿದ ಒಂದು ಘನಕಾರ್ಯ ಹೇಳಿಬಿಡುತ್ತೇನೆ. ಐಪಿ ಮೇಲೆ ಫ್ಯಾಕ್ಸ್ ಕೆಡುತ್ತಿದ್ದರೆ ಇಸಿಎಂ ಬಂದ್ ಮಾಡಿ ಎಂಬ ಸಲಹೆ ಎಲ್ಲ ಕಡೆ ಸಿಗುತ್ತದೆ. ಇಸಿಎಂ ಎಂದರೆ ತಪ್ಪು ತಿದ್ದುವ ಕ್ರಮ. ಪುಟವನ್ನು 256 ಬೈಟಿನ ತುಂಡುಗಳಾಗಿ ಕಳಿಸಿ, ಕೆಟ್ಟ ತುಂಡುಗಳನ್ನು ಮಾತ್ರ ಮತ್ತೆ ಕೇಳಿ ಪಡೆಯುತ್ತದೆ. ಜಾಲ ಹದಗೆಟ್ಟಿದ್ದರೆ ಕೇಳಿ ಕೇಳಿ ಸುಸ್ತಾಗಿ ಕರೆ ಬೀಳುತ್ತದೆ. ಬಂದ್ ಮಾಡಿದೆ. ಎರರ್ ವರದಿಗಳು ಮಾಯ! ಮೂರು ದಿನ ಬೀಗಿದೆ. ನಾಲ್ಕನೆಯ ದಿನ ಆಚೆ ಕಡೆಯವರು ಫೋನ್ ಮಾಡಿ, ಕಳಿಸಿದ ಬಿಲ್ಲಿನಲ್ಲಿ ಎರಡು ಸಾಲು ಕಾಣಿಸುತ್ತಿಲ್ಲ ಎಂದರು. ಅಳಿಸಿಹೋಗಿದ್ದರೆ ಬಿಳಿ ಪಟ್ಟಿಯಾದರೂ ಕಾಣುತ್ತಿತ್ತು. ಇಲ್ಲಿ ಮೇಲಿನ ಸಾಲು, ಕೆಳಗಿನ ಸಾಲು ಹತ್ತಿರ ಬಂದು ಕೂತಿದ್ದವು, ನಡುವಿನ ಮೊತ್ತಗಳೇ ಇಲ್ಲ. ನಮ್ಮ ಯಂತ್ರದ ವರದಿಯಲ್ಲಿ ಮಾತ್ರ "ಓಕೆ". ಹೋಗದ ಫ್ಯಾಕ್ಸನ್ನು ಮತ್ತೆ ಕಳಿಸಬಹುದು, ಸಾಲು ನುಂಗಿ ಹೋದದ್ದು ಯಾರಿಗೂ ಗೊತ್ತಾಗುವುದಿಲ್ಲ. ಅವತ್ತೇ ಇಸಿಎಂ ಮತ್ತೆ ಆನ್ ಮಾಡಿದೆ. ಲೆಕ್ಕಪತ್ರ, ಔಷಧಿ ಚೀಟಿ ಓಡಾಡುವ ಯಂತ್ರದಲ್ಲಿ ಅದನ್ನು ಬಂದ್ ಮಾಡಿ ಎಂದು ನಾನಂತೂ ಯಾರಿಗೂ ಹೇಳುವುದಿಲ್ಲ.

ಸಂಜೆಯ ಗುಂಪು ಬಗೆಹರಿದದ್ದು ನಾಚಿಕೆಯಾಗುವಷ್ಟು ಸುಲಭವಾಗಿ. ಆ ಹೊತ್ತಿಗೆ ಸರ್ವರಿನ ಬ್ಯಾಕಪ್ ಹೊರಗೆ ಹೋಗಲು ಶುರುವಾಗುತ್ತಿತ್ತು, ಅಪ್‌ಲೋಡ್ ದಾರಿ ಭರ್ತಿ. ಮಾತಿನ ಪ್ಯಾಕೆಟ್‌ಗಳಿಗೆ ರೂಟರಿನಲ್ಲಿ ಆದ್ಯತೆ ಇತ್ತು, ಎಟಿಎಯನ್ನು ಆ ಪಟ್ಟಿಗೆ ಸೇರಿಸಲು ನಾನೇ ಮರೆತಿದ್ದೆ. ಸೇರಿಸಿದೆ.

ಉಳಿದದ್ದು ಏಳೆಂಟು ಪುಟದ ನಂತರ ಕತ್ತರಿಸುವ ರೋಗ, ಅದೂ ಟಿ.38 ಒಪ್ಪದ ಮಾರ್ಗಗಳಲ್ಲಿ ಮಾತ್ರ. ಪ್ಯಾಕೆಟ್ ನಷ್ಟ ಇಲ್ಲ, ಜಿಟರ್ ಇಲ್ಲ, ಆದರೂ ಕರೆ ಬೀಳುವುದು ಹೆಚ್ಚುಕಡಿಮೆ ಅದೇ ನಿಮಿಷಕ್ಕೆ. ಗಡಿಯಾರದ ಮಾತು ಹೊಳೆಯಲು ತಡವಾಯಿತು. ಎಟಿಎ ತನ್ನ ಗಡಿಯಾರ ನೋಡಿಕೊಂಡು ಸೆಕೆಂಡಿಗೆ 8000 ಮಾದರಿಗಳನ್ನು ತೆಗೆಯುತ್ತದೆ, ಆಚೆಯದು ತನ್ನ ಗಡಿಯಾರದಂತೆ ನುಡಿಸುತ್ತದೆ. ಎರಡರ ನಡುವೆ ಹತ್ತು ಲಕ್ಷಕ್ಕೆ 50ರಷ್ಟು ವ್ಯತ್ಯಾಸವಿದ್ದರೂ ಹತ್ತು ನಿಮಿಷದಲ್ಲಿ 30 ಮಿಲಿಸೆಕೆಂಡು ಸೇರುತ್ತದೆ. ಚಿಕ್ಕ ಬಫರ್ ಅಷ್ಟರೊಳಗೆ ತುಂಬಿ ಚೆಲ್ಲುತ್ತದೆ ಇಲ್ಲವೇ ಬರಿದಾಗುತ್ತದೆ. ಮಾತಾಡುವಾಗ ಯಾರಿಗೂ ತಿಳಿಯುವುದಿಲ್ಲ, ಮೋಡೆಮ್ಮಿನ ಹೆಜ್ಜೆ ಮಾತ್ರ ಅಲ್ಲೇ ತಪ್ಪುತ್ತದೆ. ಟಿ.38ರಲ್ಲಿ ಈ ರಗಳೆ ಇಲ್ಲ, ಅಲ್ಲಿ ಮೋಡೆಮ್ ಮಾತುಕತೆ ಆಯಾ ತುದಿಯಲ್ಲೇ ಮುಗಿಯುತ್ತದೆ. ನಮ್ಮ ಕಡೆಯ ಬಫರ್ ದೊಡ್ಡದು ಮಾಡಿದೆ, ಹಾಗೂ ಆ ನಂಬರ್‌ಗಳಿಗೆ ಒಂದು ಕರೆಯಲ್ಲಿ ಐದು ಪುಟಕ್ಕಿಂತ ಹೆಚ್ಚು ಬೇಡ ಎಂದು ಯಂತ್ರದ ಮೇಲೆ ಚೀಟಿ ಅಂಟಿಸಿದೆ. ಎಲ್ಲಕ್ಕಿಂತ ಕೆಲಸ ಮಾಡಿದ್ದು ಆ ಚೀಟಿಯೇ ಇರಬೇಕು.

"ಈ ಕಾಲದಲ್ಲೂ ಫ್ಯಾಕ್ಸಾ?" ಎಂದು ಕೇಳುವವರಿದ್ದಾರೆ. ಅಲೆಕ್ಸಾಂಡರ್ ಬೇನ್ ತಂತಿಯಲ್ಲಿ ಚಿತ್ರ ಕಳಿಸುವ ಸಾಧನಕ್ಕೆ, ಅಂದರೆ ಫ್ಯಾಕ್ಸಿನ ಮೊದಲ ರೂಪಕ್ಕೆ, 1843ರಲ್ಲಿ ಪೇಟೆಂಟ್ ಪಡೆದಾಗ ದೂರವಾಣಿಯೇ ಹುಟ್ಟಿರಲಿಲ್ಲ, ಬೆಲ್‌ಗೆ ಪೇಟೆಂಟ್ ಸಿಕ್ಕಿದ್ದು 1876ರಲ್ಲಿ. ಇಷ್ಟು ಹಳೆಯದನ್ನು ನಾನು ಅಲ್ಲಾಡಿಸಲಾರೆ. ಆಚೆಯವರು ಫ್ಯಾಕ್ಸೇ ಬೇಕು ಎನ್ನುವ ತನಕ ನಮ್ಮಲ್ಲೂ ಇರುತ್ತದೆ.

ನೋಟ್‌ಬುಕ್ಕಿನಲ್ಲಿ ಈಗ ವಾರಕ್ಕೊಂದು ಸಾಲು ಬರೆದರೆ ಹೆಚ್ಚು. ಒಂದು ನಂಬರ್ ಮಾತ್ರ ಇನ್ನೂ ಹಟ ಹಿಡಿದಿದೆ. 9600ರಲ್ಲಿ ಎಷ್ಟು ಸಲ ಗುರ್ ಬುಸ್ ಮಾಡಿದರೂ ಒಪ್ಪುವುದಿಲ್ಲ, ಆಚೆಯ ಯಂತ್ರವೇ ಹಾಗಿರಬಹುದು. ಅದನ್ನು ಸ್ಪೀಡ್ ಡಯಲ್‌ಗೆ ಹಾಕಿ, ಅದೊಂದಕ್ಕೇ 4800 ಎಂದು ಕಟ್ಟಿಟ್ಟಿದ್ದೇನೆ. ಪುಟಕ್ಕೆ ಎರಡು ನಿಮಿಷ. "ಹಾಕಿಬಿಟ್ಟು ನನ್ನ ಬೇರೆ ಕೆಲಸ ನೋಡ್ಕೊಳ್ತೀನಿ ಸರ್, ಹೋಗುತ್ತಲ್ಲ ಸಾಕು" ಎಂದರು ಅಕೌಂಟ್ಸ್ ಮೇಡಂ. ಸ್ಪೀಕರ್ ಮಾತ್ರ ಬಂದ್ ಮಾಡಿಸಿಕೊಂಡರು.