ಮಾಸಿದ ಗೋಡೆ ಬರಹದ ಫೋಟೊ ತೆಗೆಯುವುದು ಹೀಗೆ

ನನ್ನ ತಂದೆ ಸೈಕಲ್ಲಿನಲ್ಲಿ ಊರೂರಿಗೆ ಹೋಗಿ ಗೋಡೆಗಳ ಮೇಲೆ ಜಾಹೀರಾತು ಬರೆಯುತ್ತಿದ್ದರು. ಬೀಡಿ, ಸಿಮೆಂಟು, ಗೊಬ್ಬರ, ಕಡಲೆಕಾಯಿ ಎಣ್ಣೆ. ಹಿರಿಯೂರಿನಿಂದ ಚಳ್ಳಕೆರೆಗೆ ಹೋಗುವ ದಾರಿಯಲ್ಲಿ ಆ ಕಾಲದ ಬರಹಗಳು ಇನ್ನೂ ಅಲ್ಲಲ್ಲಿ ಉಳಿದಿವೆ. ಬಸ್ಸಿನ ಕಿಟಕಿಯಿಂದ ಅವು ಕಾಣುವುದಿಲ್ಲ. ಇಳಿದು ನಡೆಯಬೇಕು.

ಫೋಟೊಗೆ ಎಳೆಬಿಸಿಲೇ ಚೆನ್ನ ಎನ್ನುತ್ತಾರೆ. ಮಾಸಿದ ಅಕ್ಷರಕ್ಕೆ ಆ ಮಾತು ಸಾಲದು. ಗೋಡೆ ಯಾವ ದಿಕ್ಕಿಗೆ ಮುಖ ಮಾಡಿದೆ ಎಂದು ಮೊದಲು ನೋಡಿ. ಈ ರಸ್ತೆ ಹೆಚ್ಚುಕಡಿಮೆ ದಕ್ಷಿಣೋತ್ತರವಾಗಿ ಸಾಗುತ್ತದೆ. ಹಾಗಾಗಿ ರಸ್ತೆಗೆ ಮುಖ ಮಾಡಿದ ಗೋಡೆಗಳು ಪೂರ್ವಕ್ಕೋ ಪಶ್ಚಿಮಕ್ಕೋ ತಿರುಗಿರುತ್ತವೆ. ಪೂರ್ವಕ್ಕೆ ಮುಖ ಮಾಡಿದ ಗೋಡೆಗೆ ಬೆಳಗ್ಗೆ ಬಿಸಿಲು ನೇರವಾಗಿ ಬಡಿಯುತ್ತದೆ, ಎಲ್ಲವೂ ಚಪ್ಪಟೆಯಾಗಿ ಕಾಣುತ್ತದೆ. 11.30ರಿಂದ 12ರವರೆಗೆ ಕಾಯಿರಿ. ಆಗ ಬಿಸಿಲು ಮೇಲಿನಿಂದ ಗೋಡೆಯನ್ನು ಸವರಿಕೊಂಡು ಇಳಿಯುತ್ತದೆ. ಪಶ್ಚಿಮಕ್ಕೆ ಮುಖ ಮಾಡಿದ ಗೋಡೆಯ ಸರದಿ 12.30ರ ನಂತರ. ಮುಂದೆ ಚಾಚಿದ ಸೂರು ಇದ್ದರೆ ನೆರಳು ಬೀಳುತ್ತದೆ, ಅಂಥ ಗೋಡೆಗೆ ಮೋಡದ ದಿನವೇ ವಾಸಿ.

ಚಳ್ಳಕೆರೆಯನ್ನು ಎಣ್ಣೆ ನಗರ ಎಂದು ಕರೆಯುತ್ತಿದ್ದ ಕಾಲದ ಒಂದು ಗಿರಣಿ ಈಗ ಮುಚ್ಚಿದೆ. ಅದರ ಗೋಡೆಯಲ್ಲಿ ಬೆಳಗ್ಗೆ ನನಗೆ ಬರೀ ಕಲೆಗಳು ಕಂಡಿದ್ದವು. ನಡುಮಧ್ಯಾಹ್ನ ಮತ್ತೆ ಹೋದಾಗ ‘ಎಣ್ಣೆ’ ಎಂಬ ಪದ ಉಬ್ಬಿ ನಿಂತಿತ್ತು. ಬಣ್ಣ ಇದ್ದ ಕಡೆ ಗಾರೆ ಉಳಿದಿದೆ, ಬಣ್ಣ ಇಲ್ಲದ ಕಡೆ ಗಾಳಿ ಮಳೆಗೆ ಸವೆದಿದೆ. ಬಣ್ಣ ಹೋದ ಮೇಲೂ ಅಕ್ಷರದ ಎತ್ತರ ಹೋಗಿಲ್ಲ. ಣ ಒತ್ತಿನ ಕೆಳಗೆ, ಅಕ್ಷರ ನೇರ ಬರಲೆಂದು ನೀಲಿಪುಡಿ ಸವರಿದ ದಾರ ಜಗ್ಗಿ ಹಾಕಿದ ಗೆರೆಯೂ ಕೂದಲೆಳೆಯಷ್ಟು ಕಂಡಿತು. ತಂದೆಗೆ ಆ ದಾರದ ತುದಿ ಹಿಡಿದು ನಿಲ್ಲುತ್ತಿದ್ದವನು ನಾನೇ.

ಕ್ಯಾಮೆರಾ ಗೋಡೆಗೆ ಸಮಾನಾಂತರವಾಗಿರಲಿ, ಬರಹದ ಮಟ್ಟಕ್ಕೇ ಇರಲಿ. ಮೈಲುಗಲ್ಲಾದರೆ ಮಂಡಿಯೂರಿ. ಸುಣ್ಣದ ಗೋಡೆ ಫೋಟೊದಲ್ಲಿ ಬೂದುಬಣ್ಣವಾಗಿ ಬರುತ್ತಿದ್ದರೆ ಬೆಳಕನ್ನು ಒಂದು ಹಂತ ಏರಿಸಿ. ಹಲವು ಮೊಬೈಲುಗಳಲ್ಲಿ ಪರದೆ ಮುಟ್ಟಿ ಬೆರಳು ಮೇಲೆ ಸರಿಸಿದರೆ ಆಯಿತು. ಧೂಳಿನ ಊರು, ಲೆನ್ಸನ್ನು ಆಗಾಗ ಮೆತ್ತನೆಯ ಬಟ್ಟೆಯಿಂದ ಒರೆಸಿ. ಮನೆಗೆ ಬಂದು ಬಣ್ಣಗಳನ್ನು ಕಡುಮಾಡಬೇಡಿ. ಡಬ್ಬಿಯ ಕೆಂಪು ಬಣ್ಣ ಬಿಸಿಲಿಗೆ ಗುಲಾಬಿಯಾಗುತ್ತದೆ, ಕೆಮ್ಮಣ್ಣು ಹಾಗೇ ಉಳಿಯುತ್ತದೆ. ಆ ವ್ಯತ್ಯಾಸವನ್ನು ಅಳಿಸಿದರೆ ಗೋಡೆಯ ವಯಸ್ಸನ್ನೇ ಅಳಿಸಿದಂತೆ.

ಅಕ್ಷರ ಎದ್ದು ಕಾಣಲೆಂದು ಗೋಡೆಗೆ ನೀರು ಎರಚಬೇಡಿ. ವೀರಗಲ್ಲು, ಶಾಸನಗಳಿಗೆ ಸೀಮೆಸುಣ್ಣ ಉಜ್ಜುವವರನ್ನು ಕಂಡರೆ ನನಗೆ ಸಂಕಟವಾಗುತ್ತದೆ. ಊಟದ ಡಬ್ಬಿಯ ಸ್ಟೀಲ್ ಮುಚ್ಚಳದಿಂದ ಬಿಸಿಲನ್ನು ಓರೆಯಾಗಿ ಹಾಯಿಸಿ, ಕೆತ್ತನೆ ತಾನಾಗಿ ಎದ್ದು ಬರುತ್ತದೆ.

ಮನೆಯ ಗೋಡೆಯಾದರೆ ಮೊದಲು ಕೇಳಿ. ‘ಈ ಹಾಳು ಗೋಡೆ ಯಾಕಪ್ಪಾ?’ ಎನ್ನುತ್ತಾರೆ. ಯಾರು ಬರೆದರು, ಯಾವಾಗ ಎಂದು ವಿಚಾರಿಸಿ, ಊರಿನ ಹೆಸರು ಮತ್ತು ಹತ್ತಿರದ ಕಿಲೋಮೀಟರ್ ಕಲ್ಲಿನ ಸಂಖ್ಯೆಯೊಂದಿಗೆ ಅಲ್ಲೇ ಬರೆದುಕೊಳ್ಳಿ. ಮುಂದಿನ ಸಲ ಹೋಗುವಾಗ ಒಂದು ಪ್ರಿಂಟ್ ಹಾಕಿಸಿ ಆ ಮನೆಯವರ ಕೈಗೆ ಕೊಡಿ.