ಬಿಸಿ ತಡೆಯದ ಮೈಗೆ ಇನ್‌ಫ್ರಾರೆಡ್ ಸೌನಾ: ನನ್ನ ಅನುಭವ

ನನಗೆ ಮೈಯೆಲ್ಲ ನೋಯುವ ಫೈಬ್ರೊಮಯಾಲ್ಜಿಯಾ ಇದೆ, ಜೊತೆಗೆ ಎದ್ದು ನಿಂತರೆ ನಾಡಿ ಓಡುವ ಪಾಟ್ಸ್ (POTS). ಮೊದಲನೆಯದಕ್ಕೆ ಬಿಸಿ ಬೇಕು, ಎರಡನೆಯದಕ್ಕೆ ಬಿಸಿ ಆಗದು. ಬೆಳಿಗ್ಗೆ ಎದ್ದಾಗ ಹೆಗಲು, ಸೊಂಟ, ತೊಡೆ ಎಲ್ಲ ಬಿಗಿದುಕೊಂಡಿರುತ್ತವೆ. ಬಿಸಿನೀರು ಬಿದ್ದರೆ ಸಡಿಲವಾಗುತ್ತವೆ. ಆದರೆ ಅದೇ ಸ್ನಾನ ಮುಗಿಸಿ ಎದ್ದು ನಿಂತರೆ ಎದೆ ಢವಢವ, ಕಣ್ಣು ಕತ್ತಲೆ. ಪಾಟ್ಸ್ ಇರುವ ದೊಡ್ಡವರಲ್ಲಿ ಎದ್ದು ನಿಂತ 10 ನಿಮಿಷದೊಳಗೆ, ಬಿಪಿ ಅಷ್ಟಾಗಿ ಬೀಳದಿದ್ದರೂ, ನಾಡಿಬಡಿತ ನಿಮಿಷಕ್ಕೆ 30 ಅಥವಾ ಅದಕ್ಕಿಂತ ಹೆಚ್ಚು ಏರುತ್ತದೆ. ಬಿಸಿಗೆ ಚರ್ಮದ ರಕ್ತನಾಳಗಳು ಹಿಗ್ಗಿ ರಕ್ತ ಕಾಲಿನ ಕಡೆ ಇಳಿದುಬಿಟ್ಟರೆ ತೊಂದರೆ ಇನ್ನೂ ಜೋರು. ದೀಪಾವಳಿಯ ಎಣ್ಣೆಸ್ನಾನವನ್ನೂ ಸ್ಟೂಲಿನ ಮೇಲೆ ಕೂತು ಉಗುರುಬೆಚ್ಚಗಿನ ನೀರಲ್ಲಿ ಮುಗಿಸುವವಳು ನಾನು. ಅಂಥವಳು ಸೌನಾದಲ್ಲಿ, ಅಂದರೆ ಮೈ ಕಾಯಿಸುವ ಬಿಸಿ ಕೋಣೆಯಲ್ಲಿ, ಹೇಗೆ ಕೂರುತ್ತೀಯ ಎಂದು ನನ್ನಂಥದೇ ಕಾಯಿಲೆಯವರು ಕೇಳುತ್ತಿರುತ್ತಾರೆ.

ಪ್ರಕೃತಿ ಚಿಕಿತ್ಸೆಯಲ್ಲಿ ಕೊಡುವ ಹಬೆಸ್ನಾನ ನನಗೆ ಆಗಿಬರಲಿಲ್ಲ. ಹಬೆ ತುಂಬಿದ ಪೆಟ್ಟಿಗೆಯಲ್ಲಿ ಬೆವರು ಆರುವುದಿಲ್ಲ, ಬೆವರು ಆರದಿದ್ದರೆ ಮೈ ತಣಿಯುವುದಿಲ್ಲ. ಮೇ ತಿಂಗಳಲ್ಲಿ ಮಂಗಳೂರಿನ 34 ಡಿಗ್ರಿ ಬಳ್ಳಾರಿಯ ಒಣ ಬಿಸಿಲಿಗಿಂತ ಹೆಚ್ಚು ಹೈರಾಣ ಮಾಡುವುದೂ ಇದಕ್ಕೇ. ಫಿನ್ಲೆಂಡಿನ ಸಾಂಪ್ರದಾಯಿಕ ಸೌನಾದಲ್ಲಿ ಗಾಳಿಯೇ 80ರಿಂದ 100 ಡಿಗ್ರಿ ಇರುತ್ತದೆ. ಅದರ ಮಾತೇ ಬೇಡ. ಇನ್‌ಫ್ರಾರೆಡ್ ಸೌನಾ ಸಾಮಾನ್ಯವಾಗಿ 45ರಿಂದ 60 ಡಿಗ್ರಿಯೊಳಗೆ ನಡೆಯುತ್ತದೆ. ಗಾಳಿ ಒಣಗಿರುತ್ತದೆ, ಗೋಡೆಯ ಫಲಕಗಳಿಂದ ಕಣ್ಣಿಗೆ ಕಾಣದ ಇನ್‌ಫ್ರಾರೆಡ್ ಕಿರಣ ನೇರ ಮೈಮೇಲೆ ಬೀಳುತ್ತದೆ. ಈ ಕಿರಣ ಮಾಂಸಖಂಡದ ಆಳಕ್ಕೆ ಇಳಿಯುತ್ತದೆ ಎಂದು ಮಾರುವವರು ಹೇಳುತ್ತಾರೆ. ಅದು ಹಾಗಲ್ಲ. ಫಾರ್ ಇನ್‌ಫ್ರಾರೆಡ್, ಅಂದರೆ ಉದ್ದ ತರಂಗದ ಇನ್‌ಫ್ರಾರೆಡ್, ಚರ್ಮದ ಮೇಲ್ಪದರದಲ್ಲೇ ಹೀರಿಹೋಗುತ್ತದೆ. ಅಲ್ಲಿಂದ ಬಿಸಿಯನ್ನು ಒಳಕ್ಕೆ ಒಯ್ಯುವುದು ರಕ್ತ. ಮೈಯ ವಿಷವೆಲ್ಲ ಬೆವರಿನಲ್ಲಿ ಹೋಗುತ್ತದೆ ಎನ್ನುವುದನ್ನೂ ನಾನು ನಂಬುವುದಿಲ್ಲ. ಬೆವರೆಂದರೆ ಬಹುಪಾಲು ನೀರು, ಒಂದಿಷ್ಟು ಉಪ್ಪು. ವಿಷ ತೆಗೆಯುವ ಕೆಲಸ ಯಕೃತ್ತಿನದು, ಮೂತ್ರಪಿಂಡದ್ದು.

ನನಗೆ ದಾರಿ ತೋರಿಸಿದ್ದು ಜಪಾನಿನ ವಾವೊನ್ ಚಿಕಿತ್ಸೆ. ಕಾಗೋಶಿಮಾದ ಹೃದ್ರೋಗ ತಜ್ಞ ಡಾ. ಚುವಾ ತೇ ಹೃದಯ ವೈಫಲ್ಯದ ರೋಗಿಗಳಿಗಾಗಿ ರೂಪಿಸಿದ್ದು ಇದು. ಫಾರ್ ಇನ್‌ಫ್ರಾರೆಡ್ ಕೋಣೆಯಲ್ಲಿ 60 ಡಿಗ್ರಿಗೆ 15 ನಿಮಿಷ ಕೂರಿಸಿ, ಆಮೇಲೆ 30 ನಿಮಿಷ ಕಂಬಳಿ ಹೊದಿಸಿ ಮಲಗಿಸುತ್ತಾರೆ. ಬೆವರಿನಲ್ಲಿ ಹೋದಷ್ಟು ನೀರನ್ನು ಕುಡಿಸುತ್ತಾರೆ. ಫೈಬ್ರೊಮಯಾಲ್ಜಿಯಾ ಇರುವ 13 ಹೆಂಗಸರ ಮೇಲೆ ಇದನ್ನು ಮಾಡಿ ನೋಡಿದ ವರದಿ 2008ರಲ್ಲಿ ಬಂತು. ನೋವು ಚೆನ್ನಾಗಿಯೇ ಇಳಿದಿತ್ತು. ಅಷ್ಟು ಸಣ್ಣ ಗುಂಪನ್ನು ನಂಬಿ ಎಲ್ಲರಿಗೂ ಹೇಳುವಂತಿಲ್ಲ. ನನ್ನ ಕಣ್ಣಿಗೆ ಬಿದ್ದದ್ದು ಬೇರೆಯೇ: ಕೂರುವುದಕ್ಕಿಂತ ಎರಡರಷ್ಟು ಹೊತ್ತು ಮಲಗುವುದು. ಪಾಟ್ಸ್ ಇರುವವರಿಗೆ ಬೇಕಾದದ್ದು ಅದೇ.

ಬೆಂಗಳೂರಿನ ಒಂದು ಕೇಂದ್ರದಲ್ಲಿ ಶುರುಮಾಡಿದೆ. ಅಲ್ಲಿನ ಹುಡುಗಿ ಗಾಜಿನ ಬಾಗಿಲಲ್ಲಿ ಇಣುಕಿ, “ಇನ್ನೂ ಬೆವರೇ ಬಂದಿಲ್ವಲ್ಲ ಮೇಡಂ, ಸ್ವಲ್ಪ ಜಾಸ್ತಿ ಮಾಡ್ತೀನಿ” ಎಂದು ಗುಂಡಿ ಒತ್ತಿಬಿಟ್ಟಳು. ನಾನು ರಾತ್ರಿ ತೆಗೆದುಕೊಳ್ಳುವುದು ಅಮಿಟ್ರಿಪ್ಟಿಲಿನ್. ಫೈಬ್ರೊಮಯಾಲ್ಜಿಯಾಕ್ಕೆ ಬಹಳ ಮಂದಿಗೆ ಬರೆದುಕೊಡುವ ಈ ಮಾತ್ರೆ ಬೆವರನ್ನು ಕಮ್ಮಿ ಮಾಡಬಲ್ಲದು. ಅಂದರೆ ಮೈ ಕಾದಿರುತ್ತದೆ, ಹಣೆ ಒಣಗಿರುತ್ತದೆ. ನೋಡುವವರಿಗೆ ಬಿಸಿ ಸಾಲದು ಅನ್ನಿಸುತ್ತದೆ. ಆಫ್ ಮಾಡಿಸಿ, ಬಾಗಿಲ ಚೌಕಟ್ಟು ಹಿಡಿದುಕೊಂಡೇ ಹೊರಗೆ ಬಂದೆ. ನೆಲದ ಮೇಲೆ ಮಲಗಿದ ಮೇಲೇ ನಾಡಿ ಇಳಿದದ್ದು. ದೀರ್ಘಕಾಲದ ಕಾಯಿಲೆಯವರು ಬರುತ್ತಾರೆಂದು ಗೊತ್ತಿದ್ದೂ ಯಾವ ಮಾತ್ರೆ ತಗೊಳ್ತೀರಿ ಎಂದು ಆ ಕೇಂದ್ರ ಒಂದು ಮಾತು ಕೇಳಿರಲಿಲ್ಲ. ಈ ಸಿಟ್ಟು ನನಗೆ ಇನ್ನೂ ಹೋಗಿಲ್ಲ. ಮೂತ್ರ ಹೆಚ್ಚಿಸುವ ಮಾತ್ರೆ, ನಾಡಿಬಡಿತ ಇಳಿಸುವ ಬೀಟಾ ಬ್ಲಾಕರ್, ಮೈಗೆ ಅಂಟಿಸುವ ನೋವಿನ ಪ್ಯಾಚ್ ಇವೂ ಬಿಸಿಯಲ್ಲಿ ಬೇರೆ ಥರ ನಡೆದುಕೊಳ್ಳುತ್ತವೆ. ಕೆಲವು ಪ್ಯಾಚ್‌ಗಳಿಂದ ಮದ್ದು ಬೇಗಬೇಗ ಮೈಗಿಳಿಯುತ್ತದೆ. ಮಾತ್ರೆಯ ಚೀಟಿ ಹಿಡಿದುಕೊಂಡು ಮೊದಲು ಡಾಕ್ಟರ ಹತ್ತಿರ ಹೋಗಬೇಕು.

ಈಗ ಮನೆಯಲ್ಲೇ ಮಡಚಿಡುವ ಟೆಂಟಿನಂಥ ಸೌನಾ ಇದೆ. ಒಳಗೆ ಕುರ್ಚಿ, ತಲೆ ಹೊರಗೆ. ಮುಖಕ್ಕೆ ಟೇಬಲ್ ಫ್ಯಾನ್, ಕತ್ತಿಗೆ ಒದ್ದೆ ಬಟ್ಟೆ. ತಲೆ ಹೊರಗಿರುವುದು ನನಗೆ ಎಲ್ಲಕ್ಕಿಂತ ದೊಡ್ಡ ಅನುಕೂಲ; ತಂಪು ಗಾಳಿ ಮೂಗಿಗೆ ಬಡಿಯುತ್ತಿದ್ದರೆ ಗಾಬರಿಯಾಗುವುದಿಲ್ಲ. 40 ಡಿಗ್ರಿಗೆ ಐದಾರು ನಿಮಿಷದಿಂದ ಶುರುಮಾಡಿ, ಒಂದು ಸಲಕ್ಕೆ ಒಂದನ್ನೇ ಬದಲಾಯಿಸುತ್ತ ಹೋದೆ: ನಿಮಿಷ ಏರಿಸಿದ ವಾರ ಡಿಗ್ರಿ ಮುಟ್ಟುತ್ತಿರಲಿಲ್ಲ. 45 ಡಿಗ್ರಿ, 12 ನಿಮಿಷಕ್ಕೆ ನಿಂತಿದ್ದೇನೆ. ಅದಕ್ಕಿಂತ ಮೇಲೆ ಹೋಗುವ ಆಸೆ ಇಲ್ಲ. ಬೆಳಿಗ್ಗೆ ಪಾಟ್ಸ್ ಜೋರಿರುವುದರಿಂದ ಸಂಜೆ, ಹೊಟ್ಟೆ ತುಂಬಿರದ ಹೊತ್ತಲ್ಲಿ ಕೂರುತ್ತೇನೆ. ಬೆರಳಿಗೆ ಆಕ್ಸಿಮೀಟರ್ ಇರುತ್ತದೆ. ಡಾಕ್ಟರು ನನಗೆ ಹಾಕಿಕೊಟ್ಟ ಮಿತಿ 120. ನಾಡಿ ಅದನ್ನು ಮುಟ್ಟುವ ಮೊದಲೇ ಒಮ್ಮೊಮ್ಮೆ ಆಕಳಿಕೆ ಶುರುವಾಗುತ್ತದೆ. ತಲೆಸುತ್ತು ಬರುವ ಮುನ್ನ ಬರುವ ಆಕಳಿಕೆ ಅದು. ತಂಗಿ ಎದುರಿಗೇ ಕೂತಿರುತ್ತಾಳೆ. “ಅಕ್ಕ, ಆಕಳಿಸ್ತಿದ್ದೀಯ, ಆಫ್ ಮಾಡ್ತೀನಿ” ಎಂದರೆ ಮುಗಿಯಿತು, ವಾದ ಇಲ್ಲ.

ಅಪಾಯದ ಹೊತ್ತು ಬರುವುದು ಇದಾದ ಮೇಲೆ. ಜಿಪ್ ತೆಗೆದು, ಕೂತಲ್ಲೇ ಎರಡು ನಿಮಿಷ ಮೀನಖಂಡ ಬಿಗಿದು ಸಡಿಲಿಸಿ, ಪಕ್ಕದಲ್ಲೇ ಹಾಸಿದ ಚಾಪೆಗೆ ಜಾರುತ್ತೇನೆ. ಎದ್ದು ನಡೆಯುವುದಿಲ್ಲ. ಕಾಲನ್ನು ದಿಂಬಿನ ಮೇಲೆ ಎತ್ತಿಟ್ಟು ಅರ್ಧ ಗಂಟೆ ಮಲಗುತ್ತೇನೆ. ಅಷ್ಟು ಹೊತ್ತಿಗೆ ಡಬ್ಲ್ಯುಎಚ್‌ಒ ಸೂತ್ರದ ಓಆರ್‌ಎಸ್ ಗುಟುಕು ಗುಟುಕಾಗಿ ಇಳಿದಿರುತ್ತದೆ. ಒಂದು ಲೀಟರ್ ನೀರಿಗೆ ಕಲಸುವ ಪುಡಿಯ ಪೊಟ್ಟಣ ಅದು. ಟೆಟ್ರಾಪ್ಯಾಕಿನ ಸಿಹಿ ಪಾನೀಯ ಅದರ ಬದಲಿಗೆ ನಡೆಯುವುದಿಲ್ಲ. ಕೊನೆಗೆ ಮಲಗಿದಲ್ಲೇ ಬಿಗಿ ಕಾಲುಚೀಲ ಹಾಕಿಕೊಳ್ಳಬೇಕು. ಬೆವರಿದ ಕಾಲಿಗೆ ಅದು ಏರುವುದೇ ಇಲ್ಲ, ಹಿಮ್ಮಡಿಯಲ್ಲಿ ಸಿಕ್ಕಿಕೊಂಡು ಬೆರಳು ನೋಯಿಸುತ್ತದೆ. ಹತ್ತಿಯ ಪಂಚೆಯಲ್ಲಿ ಒರೆಸಿ, ಚೂರು ಪೌಡರ್ ಹಾಕಿ, ಚೀಲವನ್ನು ಹಿಮ್ಮಡಿಯವರೆಗೆ ಒಳಮಗ್ಗುಲಾಗಿಸಿ ಪಾದ ತೂರಿಸಿದರೆ ಸಲೀಸು. ಇಷ್ಟಾದ ಮೇಲೇ ಏಳುವುದು, ಅದೂ ಗೋಡೆ ಹಿಡಿದು. ಸ್ನಾನ ಆಮೇಲೆ, ತಣ್ಣೀರೂ ಅಲ್ಲ ಬಿಸಿನೀರೂ ಅಲ್ಲ.

ಇದರಿಂದ ಸಿಕ್ಕಿದ್ದು ಮಾರನೆಯ ಬೆಳಗಿನ ಸಡಿಲ, ಒಳ್ಳೆಯ ನಿದ್ದೆ. ಎರಡನೆಯ ದಿನಕ್ಕೆ ಬಿಗಿತ ಮತ್ತೆ ಬರುತ್ತದೆ. ಸುಸ್ತು, ಮಂಕು ಹಿಡಿದ ತಲೆ ಎರಡೂ ಹಾಗೇ ಇವೆ. ಆದರೂ ಹೆಗಲು ನೋಯದೆ ಜಡೆ ಹಾಕಿಕೊಳ್ಳುವ ಬೆಳಗು ನನಗೆ ಸಣ್ಣದಲ್ಲ. ಮಾರ್ಚ್ ಬಂದರೆ ಟೆಂಟು ಮಡಚಿ ಅಟ್ಟಕ್ಕೆ. ಬೇಸಿಗೆಯಲ್ಲಿ ಮೈ ಮೊದಲೇ ಕಾದಿರುತ್ತದೆ. ಜ್ವರ, ಭೇದಿ, ಮುಟ್ಟಿನ ಮೊದಲ ದಿನಗಳಲ್ಲೂ ಇಲ್ಲ.

ಮಲ್ಟಿಪಲ್ ಸ್ಕ್ಲೆರೋಸಿಸ್ ಎಂಬ ನರದ ಕಾಯಿಲೆ ಇರುವ ಗೆಳತಿಗೆ ಮಾತ್ರ ಬೇಡವೇ ಬೇಡ ಎಂದೆ. ಮೈಲಿನ್ ಹೊದಿಕೆ ಸವೆದ ನರದಲ್ಲಿ ಮೈಬಿಸಿ ಚೂರು ಏರಿದರೂ ಸಂಕೇತ ತಡವರಿಸುತ್ತದೆ, ಕಣ್ಣು ಮಂಜಾಗುತ್ತದೆ, ಕಾಲು ಸೋಲುತ್ತದೆ. ಇಂಥ ರೋಗಿಗಳಿಗೆ ಮೈ ದಣಿದಾಗ ಕಣ್ಣು ಮಂಜಾಗುವುದನ್ನು ಜರ್ಮನಿಯ ಕಣ್ಣಿನ ವೈದ್ಯ ವಿಲ್ಹೆಲ್ಮ್ ಉಟ್‌ಹೋಫ್ 1890ರಲ್ಲೇ ಗುರುತಿಸಿದ್ದರು; ಕಾರಣ ಮೈಬಿಸಿ ಎಂದು ಗೊತ್ತಾದದ್ದು ಆಮೇಲೆ. ತಣಿದ ಮೇಲೆ ಸರಿಹೋಗುತ್ತದೆ ನಿಜ, ಅಷ್ಟರೊಳಗೆ ಬಿದ್ದರೆ?

ಮನೆಗೆ ತರುವ ಮೊದಲು ಕೇಂದ್ರದಲ್ಲಿ ನೋಡುತ್ತೇನೆ ಎನ್ನುವವರು ಫೋನಿನಲ್ಲೇ ಕೇಳಿ: 40 ಡಿಗ್ರಿಗೆ ಇಡುತ್ತೀರಾ, ಬಾಗಿಲು ಒಳಗಿಂದ ತಳ್ಳಿದರೆ ತೆರೆಯುತ್ತದಾ, ನಾನು ಒಳಗಿರುವಷ್ಟು ಹೊತ್ತೂ ಯಾರಾದರೂ ಅಲ್ಲೇ ಇರುತ್ತಾರಾ, ಹೊರಬಂದ ಮೇಲೆ ಅರ್ಧ ಗಂಟೆ ಮಲಗಲು ಬಿಡುತ್ತೀರಾ. ಮಲಗಲು ಜಾಗ ಇಲ್ಲ ಎಂದರೆ ನಾನು ಅಲ್ಲಿಗೆ ಹೋಗುವುದಿಲ್ಲ.