ಮಾರಿಷಸ್ ಷೇರುಪೇಟೆ: ಕೊಳ್ಳುವ ಮೊದಲೇ ಮಾರುವ ಲೆಕ್ಕ ಹಾಕಿ

ಎಬೆನ್ ಸೈಬರ್ ಸಿಟಿಯ ಐಟಿ ಕಂಪನಿಗೋ ಪೋರ್ಟ್ ಲೂಯಿಯ ಆಡಿಟ್ ಕಚೇರಿಗೋ ಕೆಲಸಕ್ಕೆ ಬಂದವರು ಬೇಗನೇ ಕೇಳುವ ಪ್ರಶ್ನೆ: ಇಲ್ಲಿಯ ಷೇರುಪೇಟೆಯಲ್ಲಿ ನಾವೂ ದುಡ್ಡು ಹಾಕಬಹುದೇ? ಹಾಕಬಹುದು. 1989ರ ಜುಲೈನಲ್ಲಿ ವಹಿವಾಟು ಶುರುವಾದ ಈ ಪೇಟೆ 1994ರಿಂದ ವಿದೇಶಿಯರಿಗೆ ತೆರೆದಿದೆ. ಮಾರಿ ಬಂದ ಹಣವನ್ನು ದೇಶದಿಂದ ಹೊರಗೆ ಒಯ್ಯಲು ವಿನಿಮಯ ನಿರ್ಬಂಧವೂ ಇಲ್ಲ. ಕಂಪನಿಯ ಆಡಳಿತವನ್ನೇ ಕೈಗೆ ತೆಗೆದುಕೊಳ್ಳುವವರಿಗೆ, ಸಕ್ಕರೆ ಕಂಪನಿಯಲ್ಲಿ ಶೇ 15ಕ್ಕಿಂತ ಹೆಚ್ಚು ಪಾಲು ಬಯಸುವವರಿಗೆ ಮಾತ್ರ ಅನುಮತಿ ಬೇಕು.

ಇಲ್ಲಿ ಎರಡು ಮಾರುಕಟ್ಟೆಗಳಿವೆ. ಅಫಿಷಿಯಲ್ ಮಾರ್ಕೆಟ್‌ನಲ್ಲಿ ಎಂಸಿಬಿ ಗ್ರೂಪ್, ಎಸ್‌ಬಿಎಂ, ಐಬಿಎಲ್, ಸಿಯೆಲ್, ನ್ಯೂ ಮಾರಿಷಸ್ ಹೋಟೆಲ್ಸ್‌ನಂಥ ದೊಡ್ಡ ಹೆಸರುಗಳಿದ್ದರೆ, 2006ರ ಆಗಸ್ಟ್‌ನಲ್ಲಿ ಶುರುವಾದ ಡಿಇಎಂ (ಡೆವಲಪ್‌ಮೆಂಟ್ ಅಂಡ್ ಎಂಟರ್‌ಪ್ರೈಸ್ ಮಾರ್ಕೆಟ್) ಸಣ್ಣ ಕಂಪನಿಗಳ ಜಾಗ. ಅಲ್ಲಿ ಪಟ್ಟಿಗೆ ಸೇರುವ ಷರತ್ತುಗಳೂ ಸಡಿಲ. ಇವೆರಡರ ಜೊತೆಗೆ ಈ ಪೇಟೆಗೆ ಅಂತರರಾಷ್ಟ್ರೀಯ ಮುಖವೊಂದಿದೆ. ಮಾರಿಷಸ್ ರೂಪಾಯಿ ಮಾತ್ರವಲ್ಲದೆ ಡಾಲರ್, ಯೂರೋ, ಪೌಂಡ್, ರ‍್ಯಾಂಡ್‌ನಲ್ಲೂ ಇಲ್ಲಿ ವಹಿವಾಟು ನಡೆಸಬಹುದು. ಆಫ್ರಿಕಾದಲ್ಲಿ ವ್ಯವಹಾರವಿರುವ ಸಂಸ್ಥೆಗಳು ಇದಕ್ಕಾಗಿಯೇ ಬರುತ್ತವೆ; ಆಫ್ರಿಕಾದ ರಫ್ತು-ಆಮದು ಬ್ಯಾಂಕ್ ಅಫ್ರೆಕ್ಸಿಂಬ್ಯಾಂಕಿನ ಡಿಪಾಸಿಟರಿ ರಸೀದಿಗಳು (ಷೇರಿನ ಪರವಾಗಿ ವಹಿವಾಟಾಗುವ ಪತ್ರಗಳು) 2017ರಲ್ಲಿ ಪಟ್ಟಿಯಾದದ್ದು ಇಲ್ಲೇ. ಆದರೆ ಪಟ್ಟಿಯಲ್ಲಿ ಹೆಸರಿದ್ದ ಮಾತ್ರಕ್ಕೆ ದಿನವೂ ವಹಿವಾಟಿದೆ ಎಂದುಕೊಳ್ಳಬೇಡಿ. ಪಟ್ಟಿಯಾದ ಕಂಪನಿ ಎಂಬ ಸ್ಥಾನಮಾನ ಸಿಕ್ಕರೆ ಸಾಕು ಎಂದು ಬರುವ ಸಂಸ್ಥೆಗಳೂ ಇವೆ. ಅಂಥವುಗಳ ಷೇರು ವಾರಗಟ್ಟಲೆ ಕೈ ಬದಲಾಯಿಸುವುದಿಲ್ಲ.

ಖಾತೆಗೆ ನೇರವಾಗಿ ಪೇಟೆಯ ಕಚೇರಿಗೆ ಹೋಗಿ ಪ್ರಯೋಜನವಿಲ್ಲ. ಪರವಾನಗಿ ಪಡೆದ ಬ್ರೋಕರ್ ಮೂಲಕವೇ ಹೋಗಬೇಕು. ಅವರೇ ಷೇರುಗಳನ್ನು ಎಲೆಕ್ಟ್ರಾನಿಕ್ ರೂಪದಲ್ಲಿ ಇಡುವ ಕೇಂದ್ರ ಡಿಪಾಸಿಟರಿ ಸಿಡಿಎಸ್‌ನಲ್ಲಿ ನಿಮ್ಮ ಹೆಸರಿನ ಖಾತೆ ತೆರೆಯುತ್ತಾರೆ. ಇದು ನಮ್ಮ ಡಿಮ್ಯಾಟ್ ಇದ್ದಂತೆ. ಪಾಸ್‌ಪೋರ್ಟ್, ವಿಳಾಸದ ಪುರಾವೆ, ಬ್ಯಾಂಕ್ ಖಾತೆಯ ವಿವರ, ಹಣದ ಮೂಲಕ್ಕೆ ಸಂಬಳದ ಚೀಟಿ ಅಥವಾ ಕೆಲಸದ ಕರಾರು ಜೋಡಿಸಿಕೊಳ್ಳಿ.

ಅರ್ಜಿ ಸಿಕ್ಕಿಕೊಳ್ಳುವುದು ಸಾಮಾನ್ಯವಾಗಿ ಎರಡು ಕಡೆ. ಮೊದಲನೆಯದು ವಿಳಾಸ: ಬಾಡಿಗೆ ಮನೆಯ ಸಿಇಬಿ ವಿದ್ಯುತ್ ಬಿಲ್ ಮನೆ ಮಾಲೀಕರ ಹೆಸರಿನಲ್ಲಿರುತ್ತದೆ. ಬಾಡಿಗೆ ಕರಾರಿನ ಪ್ರತಿಯನ್ನೂ ನೀವು ಅಲ್ಲಿ ವಾಸವಿದ್ದೀರಿ ಎಂಬ ಮಾಲೀಕರ ಪತ್ರವನ್ನೂ ಆ ಬಿಲ್ಲಿನ ಜೊತೆಗಿಡಿ. ಎರಡನೆಯದು ನಮ್ಮವರಿಗೇ ಹೆಚ್ಚು ಕಾಡುವ ಹೆಸರಿನ ತೊಡಕು. ಪಾಸ್‌ಪೋರ್ಟಿನಲ್ಲಿ ಸರ್‌ನೇಮ್ ಜಾಗ ಖಾಲಿ, ಬ್ಯಾಂಕಿನಲ್ಲಿ ಇನಿಷಿಯಲ್ ಬಿಡಿಸಿ ಊರ ಹೆಸರು ಮೊದಲು, ಕೆಲಸದ ಪರ್ಮಿಟ್‌ನಲ್ಲಿ ಅಪ್ಪನ ಹೆಸರು ಕೊನೆಗೆ. ಮೂರು ಕಾಗದದಲ್ಲಿ ಮೂರು ಮನುಷ್ಯರಿದ್ದಂತೆ ಕಾಣುತ್ತದೆ. ಮೊದಲು ಬ್ಯಾಂಕ್ ಖಾತೆಯ ಹೆಸರನ್ನು ಪಾಸ್‌ಪೋರ್ಟಿನಲ್ಲಿರುವಂತೆಯೇ ಮಾಡಿಸಿ, ಆಮೇಲೆ ಬ್ರೋಕರ್ ಹತ್ತಿರ ಹೋಗಿ. ಇಲ್ಲದಿದ್ದರೆ ಮುಂದೆ ಡಿವಿಡೆಂಡ್ ಕೂಡ ವಾಪಸ್ ಹೋದೀತು.

ಪೇಟೆಯ ಸಮಯ ಬೆಳಗ್ಗೆ 9ರಿಂದ ಮಧ್ಯಾಹ್ನ 1.30. ಹಣ ಮತ್ತು ಷೇರು ಕೈ ಬದಲಾಗುವುದು ವಹಿವಾಟಿನ ನಂತರದ ಮೂರನೇ ಕೆಲಸದ ದಿನ. ಭಾರತದಲ್ಲಿ ಈಗ ಒಂದೇ ದಿನದಲ್ಲಿ ಮುಗಿಯುವುದರಿಂದ ನಮ್ಮವರು ಇಲ್ಲಿ ಲೆಕ್ಕ ತಪ್ಪುತ್ತಾರೆ: ಶುಕ್ರವಾರ ಮಾರಿದರೆ ಹಣ ಬರುವುದು ಬುಧವಾರ, ನಡುವೆ ಸಾರ್ವಜನಿಕ ರಜೆ ಬಂದರೆ ಗುರುವಾರ. ಸೋಮವಾರವೇ ಯಾರಿಗಾದರೂ ಹಣ ಕೊಡುತ್ತೇನೆಂದು ಮಾತು ಕೊಡಬೇಡಿ.

ಆರ್ಡರ್ ಹಾಕುವಾಗ ಕೊನೆಯ ಬೆಲೆಯನ್ನಷ್ಟೇ ನೋಡಿ ಮೋಸಹೋಗಬೇಡಿ. ಆ ಬೆಲೆಗೆ ಎಷ್ಟು ಷೇರು ಕೇಳುವವರಿದ್ದಾರೆ ಎಂಬುದನ್ನೂ ನೋಡಿ. ಉದಾಹರಣೆಗೆ ನಿಮ್ಮಲ್ಲಿ 2,000 ಷೇರುಗಳಿವೆ, ತೆರೆಯ ಮೇಲಿನ ಬೆಲೆ 100 ರೂಪಾಯಿ ಎಂದುಕೊಳ್ಳಿ. ಕೊಳ್ಳುವವರ ಸಾಲಿನಲ್ಲಿ 100ಕ್ಕೆ 300 ಷೇರು, 98ಕ್ಕೆ 500, 95ಕ್ಕೆ 1,200 ಮಾತ್ರ ಇದೆ. 'ಸಿಕ್ಕ ಬೆಲೆಗೆ ಮಾರಿ' ಎಂದರೆ ಕೈಗೆ ಬರುವುದು 1,93,000. 7,000 ರೂಪಾಯಿ ಅಲ್ಲೇ ಹೋಯಿತು, ಬ್ರೋಕರ್ ಶುಲ್ಕ ಬೇರೆ. ಅದಕ್ಕೇ ಯಾವಾಗಲೂ ಬೆಲೆ ಕಟ್ಟಿದ ಲಿಮಿಟ್ ಆರ್ಡರ್ ಹಾಕಿ, ದೊಡ್ಡ ಮೊತ್ತವನ್ನು ಕೆಲವು ದಿನಗಳಿಗೆ ಹಂಚಿ. ಕೊಳ್ಳುವ ಮೊದಲೇ ಹಿಂದಿನ ಮೂರು ತಿಂಗಳಲ್ಲಿ ಆ ಷೇರು ದಿನಕ್ಕೆ ಸರಾಸರಿ ಎಷ್ಟು ಮಾರಾಟವಾಗಿದೆ ಎಂಬ ಅಂಕಿಯನ್ನು ಬ್ರೋಕರ್‌ನಿಂದ ಕೇಳಿ ಪಡೆಯಿರಿ. ನೀವು ಕೊಳ್ಳುವ ಪ್ರಮಾಣ ಆ ಸರಾಸರಿಗಿಂತ ಹತ್ತಾರು ಪಟ್ಟು ಹೆಚ್ಚಿದ್ದರೆ, ವೀಸಾ ಮುಗಿದು ಊರಿಗೆ ಹೊರಡುವ ತಿಂಗಳಲ್ಲಿ ಅದನ್ನು ಮಾರಲಾಗದೆ ಒದ್ದಾಡುತ್ತೀರಿ.

ಷೇರು ಮಾರಿ ಬಂದ ಲಾಭಕ್ಕೆ ಮಾರಿಷಸ್‌ನಲ್ಲಿ ಬಂಡವಾಳ ಲಾಭ ತೆರಿಗೆ ಇಲ್ಲ. ಇದನ್ನು ಕೇಳಿದವರು ಭಾರತದ ಷೇರನ್ನೂ ಇಲ್ಲಿಂದಲೇ ಕೊಂಡರೆ ತೆರಿಗೆ ಉಳಿಯುತ್ತದೆ ಎಂದುಕೊಳ್ಳುವುದುಂಟು. ಆ 'ಮಾರಿಷಸ್ ದಾರಿ' ಮುಚ್ಚಿದೆ: 2017ರ ಏಪ್ರಿಲ್ 1ರಿಂದ ಕೊಂಡ ಭಾರತೀಯ ಕಂಪನಿಗಳ ಷೇರಿನ ಲಾಭಕ್ಕೆ ಭಾರತ ತೆರಿಗೆ ಹಾಕುತ್ತದೆ. ಹಳೆಯ ಸಲಹೆ ಈಗಲೂ ವಾಟ್ಸಾಪಿನಲ್ಲಿ ಓಡಾಡುತ್ತಿದೆ, ನಂಬಬೇಡಿ.

ಬೆಂಗಳೂರಿಗೋ ಮಂಗಳೂರಿಗೋ ಶಾಶ್ವತವಾಗಿ ಮರಳುವವರು ಇಲ್ಲಿದ್ದಾಗ ಕೊಂಡ ಷೇರುಗಳನ್ನು ಮಾರಲೇಬೇಕೆಂದಿಲ್ಲ. ಭಾರತದ ವಿದೇಶಿ ವಿನಿಮಯ ಕಾನೂನಾದ ಫೆಮಾ ಕಾಯ್ದೆಯ 6(4)ನೇ ಕಲಂ ಅವನ್ನು ಇಟ್ಟುಕೊಳ್ಳಲು ಬಿಡುತ್ತದೆ. ಆದರೆ ತೆರಿಗೆಯ ಲೆಕ್ಕದಲ್ಲಿ ಪೂರ್ಣ ನಿವಾಸಿಯಾದ ವರ್ಷದಿಂದ ರಿಟರ್ನ್‌ನ ವಿದೇಶಿ ಆಸ್ತಿ ಪಟ್ಟಿಯಲ್ಲಿ ತೋರಿಸಲೇಬೇಕು, ಲಾಭಕ್ಕೂ ಡಿವಿಡೆಂಡಿಗೂ ಭಾರತದಲ್ಲಿ ತೆರಿಗೆ ಕಟ್ಟಬೇಕು. ಮುಚ್ಚಿಟ್ಟರೆ 10 ಲಕ್ಷ ರೂಪಾಯಿ ದಂಡ ಬೀಳಬಹುದು, ಮತ್ತು ಮಾರಿಷಸ್ ಖಾತೆಗಳ ಮಾಹಿತಿಯನ್ನು ಭಾರತಕ್ಕೆ ತಾನಾಗಿಯೇ ಕಳಿಸುತ್ತದೆ.

ಹೊರಡುವ ಮುನ್ನ ಇನ್ನೊಂದು ಕೆಲಸವಿದೆ. ಸಂಬಳದ ಬ್ಯಾಂಕ್ ಖಾತೆ ಮುಚ್ಚುವ ಮೊದಲು ಹೊಸ ಖಾತೆ ಮತ್ತು ಊರಿನ ವಿಳಾಸವನ್ನು ಬ್ರೋಕರ್ ಮೂಲಕ ಸಿಡಿಎಸ್‌ನಲ್ಲಿ ಬದಲಾಯಿಸಿ, ಬದಲಾದ ಸ್ಟೇಟ್‌ಮೆಂಟ್ ಕೈಗೆ ಬಂದ ಮೇಲೆಯೇ ಹಳೆಯ ಖಾತೆ ಮುಚ್ಚಿ.